ಮೂಡುಬಿದಿರೆಗೆ ಒಂದು ದಿನ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ಈ ಮಾತಿನಲ್ಲಿ ಸುತ್ತುವುದನ್ನೂ ಓದುವುದನ್ನೂ ಒಟ್ಟಿಗೆ ಹೇಳಿರುವುದು ಅರ್ಥಪೂರ್ಣವಾಗಿದೆ. ಓದದೆ ಸುತ್ತಿದವನು ಕಲ್ಲುಗಳನ್ನು ಕಂಡು ಬರುತ್ತಾನೆ. ಓದಿ ಸುತ್ತಿದವನು ಆ ಕಲ್ಲುಗಳ ಹಿಂದಿರುವ ಮನುಷ್ಯರನ್ನು ಕಂಡು ಬರುತ್ತಾನೆ. ಆದುದರಿಂದ ಪ್ರವಾಸವು ಬಸ್ಸನ್ನು ಹತ್ತಿದಾಗ ಆರಂಭವಾಗುವುದಿಲ್ಲ; ಎಲ್ಲಿಗೆ, ಏಕೆ, ಹೇಗೆ ಹೋಗಬೇಕೆಂದು ಕುಳಿತು ಯೋಚಿಸಿದ ದಿನವೇ ಆರಂಭವಾಗುತ್ತದೆ.

ಜಪಾನ್ ದೇಶದ ಕ್ಯೋಟೋ ನಗರವನ್ನು ನೋಡಲು ಪ್ರಪಂಚದ ಮೂಲೆಮೂಲೆಗಳಿಂದ ಜನರು ಹೋಗುತ್ತಾರೆ. ಕ್ರಿ.ಶ. 794ರಿಂದ ಸಾವಿರ ವರ್ಷಗಳಿಗೂ ಮಿಕ್ಕಿ ರಾಜಧಾನಿಯಾಗಿದ್ದ ಆ ನಗರದಲ್ಲಿ ಸಾವಿರಕ್ಕೂ ಹೆಚ್ಚು ಬೌದ್ಧ ದೇವಾಲಯಗಳಿವೆ. ಒಂದೆರಡು ದಿನಗಳ ಬಿಡುವಿನಲ್ಲಿ ಅಲ್ಲಿಗೆ ಹೋಗುವವರು ಎಲ್ಲವನ್ನೂ ನೋಡಲಾರರು. ಯಾವುದನ್ನು ನೋಡಬೇಕು ಎಂಬುದಕ್ಕಿಂತ ಯಾವುದನ್ನು ಬಿಡಬೇಕು ಎಂಬುದೇ ಅವರಿಗೆ ಕಷ್ಟದ ಪ್ರಶ್ನೆ. ಇದೇ ಪ್ರಶ್ನೆ ಮಂಗಳೂರಿನ ವಿದ್ಯಾರ್ಥಿಗಳಿಗೂ ಎದುರಾಗುತ್ತದೆ. ಅವರ ಊರಿನಿಂದ ಕೇವಲ 35 ಕಿಲೋಮೀಟರ್ ದೂರದಲ್ಲಿ ‘ಜೈನಕಾಶಿ’ ಎಂದು ಹೆಸರಾದ ಮೂಡುಬಿದಿರೆ ಇದೆ. ಕ್ಯೋಟೋ ನಗರದ ಚಿತ್ರಗಳನ್ನು ಕಂಡು ಬೆರಗಾಗುವ ಎಷ್ಟೋ ಮಂದಿ ಈ ಸಮೀಪದ ಪಟ್ಟಣವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಬಲ್ಲರು.

ಮಂಗಳೂರಿನ ಫಳ್ನೀರಿನಿಂದ ಒಂದು ದಿನದ ಪ್ರವಾಸಕ್ಕೆ ಹೊರಡುವ ತಂಡಕ್ಕೆ ಮೊದಲು ತೋಚುವುದು ಮೂರು ಊರುಗಳ ಯೋಜನೆ: ಮೂಡುಬಿದಿರೆ, ವೇಣೂರು ಮತ್ತು ಕಾರ್ಕಳ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ ಗೊಮ್ಮಟಮೂರ್ತಿಯಿದೆ; ವೇಣೂರಿನಲ್ಲಿ 1604ರಲ್ಲಿ ನಿಂತ ಗೊಮ್ಮಟಮೂರ್ತಿಯಿದೆ. ಒಂದೇ ದಿನದಲ್ಲಿ ಮೂರನ್ನೂ ಮುಗಿಸಬಹುದೆಂಬ ಆಸೆ ಸಹಜವಾದುದು. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಮಂಗಳೂರಿನಿಂದ ಮೂಡುಬಿದಿರೆಗೆ 35 ಕಿಲೋಮೀಟರ್, ಅಲ್ಲಿಂದ ವೇಣೂರಿಗೆ ಹೋಗಿ ಬರಲು ಸುಮಾರು 40, ಮೂಡುಬಿದಿರೆಯಿಂದ ಕಾರ್ಕಳಕ್ಕೆ ಸುಮಾರು 18, ಕಾರ್ಕಳದಿಂದ ಮಂಗಳೂರಿಗೆ ಸುಮಾರು 52. ಒಟ್ಟು 145 ಕಿಲೋಮೀಟರ್. ಗಂಟೆಗೆ 30 ಕಿಲೋಮೀಟರಿನಂತೆ ಸಾಗಿದರೂ ಐದು ಗಂಟೆಗಳು ರಸ್ತೆಯಲ್ಲಿಯೇ ಕಳೆದುಹೋಗುತ್ತವೆ. ಊಟಕ್ಕೂ ಬಸ್ಸು ಕಾಯುವುದಕ್ಕೂ ಇನ್ನೆರಡು ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಮರಳಬೇಕಾದವರಿಗೆ ಒಂದೊಂದು ಊರಿಗೆ ಒಂದು ಗಂಟೆ ಮಾತ್ರ ಉಳಿಯುತ್ತದೆ. ಆರು ನೂರು ವರ್ಷಗಳ ಕಾಲ ನಿಂತಿರುವ ಕಟ್ಟಡಕ್ಕೆ ಒಂದು ಗಂಟೆಯಲ್ಲಿ ನ್ಯಾಯ ಸಲ್ಲಿಸಲಾಗದು. ಆದುದರಿಂದ ಒಂದೇ ಊರನ್ನು ಆರಿಸಿಕೊಂಡು, ಉಳಿದೆರಡನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದೇ ವಿವೇಕ.

ಊರು ನಿಶ್ಚಯವಾದ ಬಳಿಕ ಕಾಲದ ವಿಚಾರ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಕರಾವಳಿಯಲ್ಲಿ ಮಳೆ ಬಿಡುವು ಕೊಡುವುದಿಲ್ಲ. ಮಾರ್ಚ್ ಬಳಿಕ ಸೆಕೆ ಸಹಿಸಲಾಗುವುದಿಲ್ಲ. ಡಿಸೆಂಬರ್, ಜನವರಿ ತಿಂಗಳುಗಳು ಹಿತಕರ. ಅನಂತರ ಕೆಲಸಗಳ ಹಂಚಿಕೆ. ಒಬ್ಬರು ಬಸ್ಸಿನ ವೇಳೆಯನ್ನು ವಿಚಾರಿಸಬೇಕು. ಒಬ್ಬರು ಖರ್ಚಿನ ಅಂದಾಜು ಬರೆಯಬೇಕು. ಒಬ್ಬರು ದರ್ಶನದ ವೇಳೆಯನ್ನು ತಿಳಿದುಕೊಂಡು, ಬೇಕಾದಲ್ಲಿ ಅನುಮತಿ ಕೋರಿ ಮುಂಚಿತವಾಗಿಯೇ ಪತ್ರ ಬರೆಯಬೇಕು. ಉಳಿದವರು ಒಂದೊಂದು ಸ್ಥಳದ ಬಗ್ಗೆ ಓದಿ ಟಿಪ್ಪಣಿ ಮಾಡಿಕೊಳ್ಳಬೇಕು. ಖರ್ಚಿನ ಪಟ್ಟಿಯಲ್ಲಿ ಪ್ರಯಾಣ, ಊಟ ಇವುಗಳೊಂದಿಗೆ ಅನಿರೀಕ್ಷಿತಕ್ಕೆಂದು ಸ್ವಲ್ಪ ಹಣ ಮೀಸಲಿರಬೇಕು. ತಂಡದಲ್ಲಿ ಯಾರಿಗಾದರೂ ಹಣದ ಅಡಚಣೆಯಿದ್ದರೆ ಅದು ಬಸ್ಸಿನ ಬಾಗಿಲಲ್ಲಿ ಬಯಲಾಗದೆ, ಈ ಹಂತದಲ್ಲಿಯೇ ಗುಟ್ಟಾಗಿ ಪರಿಹಾರವಾಗಬೇಕು.

ಫಳ್ನೀರಿನಿಂದ ಹಂಪನಕಟ್ಟೆಯ ಮಾರ್ಗವಾಗಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣವನ್ನು ಸೇರಿದರೆ ಮೂಡುಬಿದಿರೆಯ ಬಸ್ಸು ದೊರೆಯುತ್ತದೆ. ಕುಲಶೇಖರ, ವಾಮಂಜೂರುಗಳನ್ನು ದಾಟಿ, ಗುರುಪುರದಲ್ಲಿ ಫಲ್ಗುಣಿ ನದಿಯನ್ನು ಹಾಯ್ದು, ಕೈಕಂಬ, ಗಂಜಿಮಠ, ಎಡಪದವು, ಮಿಜಾರುಗಳ ಮೂಲಕ ದಾರಿ ಸಾಗುತ್ತದೆ. ‘ಮೂಡು’ ಎಂದರೆ ಪೂರ್ವ. ಬಿದಿರಿನ ಮೆಳೆಗಳಿದ್ದ ನಾಡಾದುದರಿಂದ ಊರಿಗೆ ಈ ಹೆಸರು ಬಂದಿತು. ಸಂಸ್ಕೃತದಲ್ಲಿ ಇದನ್ನು ‘ವೇಣುಪುರ’ ಎಂದು ಕರೆದರು.

ಊರಿನಲ್ಲಿ ಹದಿನೆಂಟು ಬಸದಿಗಳಿವೆ. ಅವುಗಳಲ್ಲಿ ಸಾವಿರ ಕಂಬದ ಬಸದಿ ಎಂದು ಪ್ರಸಿದ್ಧವಾದ ತ್ರಿಭುವನ ತಿಲಕ ಚೂಡಾಮಣಿ ಬಸದಿಯೇ ದೊಡ್ಡದು. ವಿಜಯನಗರದ ಎರಡನೆಯ ದೇವರಾಯನ ಆಳ್ವಿಕೆಯಲ್ಲಿ, 1430ರಲ್ಲಿ ಇದು ನಿರ್ಮಾಣವಾಯಿತು. ಬಸದಿಯ ಎದುರು ಏಕಶಿಲೆಯ ಎತ್ತರವಾದ ಮಾನಸ್ತಂಭ ನಿಂತಿದೆ. ಗರ್ಭಗೃಹದಲ್ಲಿ ಚಂದ್ರನಾಥ ತೀರ್ಥಂಕರರ ಲೋಹದ ಮೂರ್ತಿ ಇದೆ. ಒಂದು ಕಂಬದಂತೆ ಇನ್ನೊಂದು ಕಂಬವಿಲ್ಲ ಎಂಬುದು ಜನರ ಮಾತು. ಅದನ್ನು ಸುಮ್ಮನೆ ನಂಬಿ ಮುಂದೆ ಹೋಗುವುದಕ್ಕಿಂತ, ಹತ್ತು ಕಂಬಗಳನ್ನು ಆರಿಸಿ ಅವುಗಳ ಕೆತ್ತನೆಯನ್ನು ಹೋಲಿಸಿ ನೋಡುವ ವಿದ್ಯಾರ್ಥಿಗೆ ಶಿಲ್ಪಿಯ ಶ್ರಮ ಏನೆಂಬುದು ತಾನಾಗಿಯೇ ತಿಳಿಯುತ್ತದೆ.

ಈ ಬಸದಿಯ ಮಾಡುಗಳು ಬಯಲುಸೀಮೆಯ ದೇವಾಲಯಗಳ ಶಿಖರಗಳಂತಿಲ್ಲ. ಅವು ಇಳಿಜಾರಾಗಿ ಅಂತಸ್ತು ಅಂತಸ್ತಾಗಿ ಮೇಲೇರಿವೆ; ಮೇಲಿನ ಅಂತಸ್ತಿನ ಕೆಲಸ ಮರದ್ದು. ವಾಸ್ತುಶಿಲ್ಪದ ಇತಿಹಾಸಕಾರನಾದ ಜೇಮ್ಸ್ ಫರ್ಗ್ಯುಸನ್ ಎಂಬ ವಿದ್ವಾಂಸನು 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇವುಗಳನ್ನು ನೇಪಾಳದ ದೇವಾಲಯಗಳಿಗೆ ಹೋಲಿಸಿದನು. ಊರಿನ ಪಕ್ಕದ ಕೊಡಂಗಲ್ಲಿನಲ್ಲಿರುವ ಜೈನ ಗುರುಗಳ ಸಮಾಧಿಗಳನ್ನು ಕಂಡಾಗಲಂತೂ ಜಪಾನಿನ ಪಗೋಡಗಳ ಚಿತ್ರ ಕಣ್ಣ ಮುಂದೆ ಬರುತ್ತದೆ. ಹೋಲಿಕೆ ಕಂಡಲ್ಲೆಲ್ಲ ಒಬ್ಬರಿಂದ ಒಬ್ಬರು ಕಲಿತರೆಂದು ತೀರ್ಮಾನಿಸಬೇಕಾಗಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ನೀರು ಬೇಗ ಇಳಿದುಹೋಗಬೇಕು, ಗೋಡೆ ನೆನೆಯಬಾರದು. ಮಳೆಯೇ ಇಲ್ಲಿ ಮೊದಲ ಶಿಲ್ಪಿ.

ಆದರೆ ಹೊರನಾಡಿನ ಸಂಪರ್ಕಕ್ಕೆ ಸಾಕ್ಷಿಯೇ ಇಲ್ಲವೆಂದಲ್ಲ. ಬಸದಿಯ ಮುಂಭಾಗದ ಭೈರಾದೇವಿ ಮಂಟಪದ ಜಗತಿಯಲ್ಲಿ ಜಿರಾಫೆಯನ್ನೂ ಚೀನಾ ದೇಶದ ಡ್ರ್ಯಾಗನನ್ನೂ ಹೋಲುವ ಉಬ್ಬುಶಿಲ್ಪಗಳಿವೆ. ಈ ನಾಡಿನ ಕಾಡಿನಲ್ಲಿ ಎಂದೂ ಇರದ ಪ್ರಾಣಿ ಕರಾವಳಿಯ ಶಿಲ್ಪಿಯ ಉಳಿಗೆ ಹೇಗೆ ದೊರೆಯಿತು? 1414ರಲ್ಲಿ ಬಂಗಾಳದ ಸುಲ್ತಾನನು ಚೀನಾದ ಚಕ್ರವರ್ತಿಗೆ ಒಂದು ಜಿರಾಫೆಯನ್ನು ಕಾಣಿಕೆಯಾಗಿ ಕಳುಹಿಸಿದ್ದನು. ಆ ಕಾಲದಲ್ಲಿಯೇ ಚೀನಾದ ದೊಡ್ಡ ನೌಕಾಪಡೆಗಳು ಕಲ್ಲಿಕೋಟೆಗೆ ಬಂದು ಹೋಗುತ್ತಿದ್ದವು. ಕರಿಮೆಣಸನ್ನು ಕೊಂಡೊಯ್ದ ಹಡಗುಗಳು ಕಥೆಗಳನ್ನೂ ಚಿತ್ರಗಳನ್ನೂ ತಂದಿರಬೇಕು. ಅವಸರದಲ್ಲಿ ನಡೆದುಹೋಗುವವನ ಕಣ್ಣಿಗೆ ಈ ಪುಟ್ಟ ಶಿಲ್ಪಗಳು ಬೀಳುವುದೇ ಇಲ್ಲ.

ಮಧ್ಯಾಹ್ನದ ಬಳಿಕ ಚೌಟರ ಅರಮನೆಯನ್ನು ನೋಡಬಹುದು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನೂ ಚೌಟ ವಂಶದವಳೇ. ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಕೂಡಿ ಆನೆಯಾಗುವ ನವನಾರೀಕುಂಜರ, ಐವರು ಸ್ತ್ರೀಯರು ಕೂಡಿ ಕುದುರೆಯಾಗುವ ಪಂಚನಾರೀತುರಗ ಎಂಬ ಸೊಗಸಾದ ಕೆತ್ತನೆಗಳಿವೆ. ಕಲ್ಲಿಗಿಂತ ಮರ ಬೇಗ ನಶಿಸುವ ವಸ್ತು. ಕ್ಯೋಟೋ ನಗರದ ಸುವರ್ಣ ದೇವಾಲಯವು 1950ರಲ್ಲಿ ಬೆಂಕಿಗೆ ಆಹುತಿಯಾಗಿ, 1955ರಲ್ಲಿ ಮರಳಿ ಕಟ್ಟಲ್ಪಟ್ಟಿತು. ಮೂಡುಬಿದಿರೆಯ ಮರದ ಕೆತ್ತನೆಗಳಿಗೂ ಮಳೆ, ಗೆದ್ದಲು, ಉದಾಸೀನ ಎಂಬ ಮೂವರು ಶತ್ರುಗಳಿದ್ದಾರೆ. ಮೂರನೆಯದನ್ನು ದೂರಮಾಡುವುದು ನೋಡಲು ಬಂದವರಿಂದಲೂ ಸಾಧ್ಯ.

ಇನ್ನೊಂದು ನಿಧಿ ಈ ಊರಿನಲ್ಲಿದೆ. ಅದು ಕಲ್ಲಿನದೂ ಅಲ್ಲ, ಮರದ್ದೂ ಅಲ್ಲ. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮ ಎಂಬ ಪ್ರಾಚೀನ ಜೈನ ಸಿದ್ಧಾಂತ ಗ್ರಂಥಕ್ಕೆ ‘ಧವಳಾ’ ಎಂಬ ವಿಸ್ತಾರವಾದ ವ್ಯಾಖ್ಯಾನವನ್ನು ರಚಿಸಿದರು. ಅದರ ತಾಳೆಯೋಲೆಯ ಪ್ರಾಚೀನ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಮಾತ್ರ ಉಳಿದುಬಂದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಕಾಪಾಡಿದ ಅಕ್ಷರ ಕನ್ನಡ. ಶತಮಾನಗಳ ಕಾಲ ಭಕ್ತರು ದೂರದೂರದಿಂದ ಬಂದು ಆ ಓಲೆಗಳ ದರ್ಶನ ಪಡೆದು, ಕೈಮುಗಿದು ಹಿಂದಿರುಗುತ್ತಿದ್ದರು, ಓದುವವರು ಇರಲಿಲ್ಲ. ಓಲೆಗಳು ಜೀರ್ಣವಾಗುತ್ತಿದ್ದವು. ಅವು ಪುಡಿಯಾಗಿದ್ದರೆ ಆ ಜ್ಞಾನವೂ ಅಳಿದುಹೋಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಹೀರಾಲಾಲ್ ಜೈನ್ ಎಂಬ ವಿದ್ವಾಂಸರ ಸಂಪಾದಕತ್ವದಲ್ಲಿ 1939ರಿಂದ ಅದು ಸಂಪುಟಗಳಾಗಿ ಅಚ್ಚಾಯಿತು. ಕೈಮುಗಿದವರು ಗ್ರಂಥವನ್ನು ಕಾಪಾಡಿದರು. ಓದಿದವರು ಅದಕ್ಕೆ ಮರಳಿ ಜೀವ ಕೊಟ್ಟರು. ಇಬ್ಬರಿಗೂ ನಾಡು ಋಣಿಯಾಗಿದೆ. ‘ಭರತೇಶ ವೈಭವ’ವನ್ನು ರಚಿಸಿದ ಕವಿ ರತ್ನಾಕರವರ್ಣಿಯೂ ಇದೇ ಊರಿನವನೆಂಬುದನ್ನು ಇಲ್ಲಿ ನೆನೆಯಬೇಕು.

ಬಸದಿಗಳು ವಸ್ತುಸಂಗ್ರಹಾಲಯಗಳಲ್ಲ, ಇಂದಿಗೂ ಪೂಜೆ ನಡೆಯುವ ಸ್ಥಳಗಳು. ಪಾದರಕ್ಷೆಗಳನ್ನು ಹೊರಗಿಡುವುದು, ಮಾತನ್ನು ತಗ್ಗಿಸುವುದು, ಕೆತ್ತನೆಗಳನ್ನು ಮುಟ್ಟದಿರುವುದು, ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯದಿರುವುದು ಬಂದವರ ಕರ್ತವ್ಯ. ಕಂಬದ ಮೇಲೆ ಹೆಸರನ್ನು ಗೀಚುವವನು, ಹೆಸರನ್ನೇ ಬರೆಯದೆ ಆ ಕಂಬವನ್ನು ಕಡೆದ ಶಿಲ್ಪಿಯ ಮುಂದೆ ಸಣ್ಣವನಾಗುತ್ತಾನೆ.

ಸಂಜೆಯ ಬಸ್ಸಿನಲ್ಲಿ ಮರಳುವ ತಂಡವು ಹದಿನೆಂಟು ಬಸದಿಗಳಲ್ಲಿ ಎರಡು ಮೂರನ್ನು ಮಾತ್ರ ನೋಡಿರಬಹುದು. ಅದು ಕೊರತೆಯಲ್ಲ. ಚೆನ್ನಾಗಿ ನೋಡಿದ ಒಂದು ಕಂಬವು ನೋಡದೆ ಉಳಿದ ನೂರು ಕಂಬಗಳತ್ತ ಮನಸ್ಸನ್ನು ಮತ್ತೆ ಎಳೆಯುತ್ತದೆ. ಹಾಗೆ ಎಳೆಯುವ ಪ್ರವಾಸವೇ ಸಾರ್ಥಕವಾದ ಪ್ರವಾಸ.

ಅಭ್ಯಾಸ

1. ಒಂದೇ ದಿನದಲ್ಲಿ ಮೂರು ಊರುಗಳನ್ನು ನೋಡುವ ಯೋಜನೆ ಏಕೆ ಸರಿಯಲ್ಲ? ಲೆಕ್ಕದೊಂದಿಗೆ ವಿವರಿಸಿರಿ.
2. ‘ಮಳೆಯೇ ಇಲ್ಲಿ ಮೊದಲ ಶಿಲ್ಪಿ’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
3. ಧವಳಾ ಗ್ರಂಥವು ಉಳಿದುಬಂದ ಬಗೆಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
4. ನಿಮ್ಮ ಊರಿನ ಸಮೀಪದ ಒಂದು ಐತಿಹಾಸಿಕ ಸ್ಥಳಕ್ಕೆ ಒಂದು ದಿನದ ಪ್ರವಾಸದ ಯೋಜನೆಯನ್ನು ಸಿದ್ಧಪಡಿಸಿರಿ.