ಲೆಕ್ಕ ಕೇಳುವ ಹಕ್ಕು

ಬಸವನ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದರು. ರಾಜಭಂಡಾರದ ಹೊನ್ನನ್ನು ಅವರು ಜಂಗಮರಿಗೆ ಹಂಚುತ್ತಿರುವರೆಂದು ಕೆಲವರು ದೂರಿದಾಗ, ಬಸವಣ್ಣನವರು ಭಂಡಾರವನ್ನು ತೆರೆಸಿ ಲೆಕ್ಕವನ್ನು ಒಪ್ಪಿಸಿದರೆಂದೂ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಅಂದು ಲೆಕ್ಕ ಕೇಳುವ ಅಧಿಕಾರ ದೊರೆಯದಾಗಿತ್ತು. ಇಂದು ಪ್ರಜೆಗಳೇ ದೊರೆಗಳು. ಚುನಾವಣೆಯ ದಿನಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬೀದಿಗಳಲ್ಲಿ ಓಡಾಡುವ ವಾಹನಗಳಿಗೂ, ಅಲ್ಲಿ ನಡೆಯುವ ಸಭೆಗಳಿಗೂ ಹಣ ಎಲ್ಲಿಂದ ಬಂದಿತೆಂದು ಮತದಾರನು ಕೇಳಬಹುದೇ? ಈ ಪ್ರಶ್ನೆಗೆ ಉತ್ತರ ದೊರೆಯಲು ನಮ್ಮ ದೇಶದಲ್ಲಿ ಬಹುಕಾಲ ಹೋರಾಡಬೇಕಾಯಿತು.

ಈ ತಾಲ್ಲೂಕುಗಳು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಮರುವರ್ಷ ಮುಂಬಯಿಯ ಉಚ್ಚ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂದಿತು. ಟಾಟಾ ಉಕ್ಕಿನ ಕಂಪನಿಯು ರಾಜಕೀಯ ಪಕ್ಷಗಳಿಗೆ ವಂತಿಗೆ ಕೊಡಲು ತನ್ನ ನಿಯಮಗಳನ್ನು ತಿದ್ದಿಕೊಳ್ಳಬಯಸಿತ್ತು. ಕಾನೂನಿನ ಅಡ್ಡಿಯಿಲ್ಲದುದರಿಂದ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು ಅನುಮತಿಯನ್ನು ನಿರಾಕರಿಸಲಿಲ್ಲ. ಆದರೆ ಇಂಥ ಹಣ ಪ್ರಜಾಪ್ರಭುತ್ವದ ಕೊರಳನ್ನೇ ಹಿಸುಕಬಹುದೆಂದು ಸಂಸತ್ತನ್ನು ಎಚ್ಚರಿಸಿದರು. 1969ರಲ್ಲಿ ಕಂಪನಿಗಳ ವಂತಿಗೆಯನ್ನು ನಿಷೇಧಿಸಲಾಯಿತು. ಫಲವೇನು? ಹಣ ನಿಲ್ಲಲಿಲ್ಲ, ಕತ್ತಲೆಗೆ ಸರಿಯಿತು. 1985ರಲ್ಲಿ ನಿಷೇಧವನ್ನು ತೆಗೆದು, ಮಿತಿಯೊಳಗೆ ಕೊಡಬಹುದು, ಕೊಟ್ಟುದನ್ನು ಕಂಪನಿಯ ಲೆಕ್ಕದಲ್ಲಿ ತೋರಿಸಬೇಕು ಎಂದು ವಿಧಿಸಲಾಯಿತು.

2018ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಚುನಾವಣಾ ಬಾಂಡುಗಳ ಯೋಜನೆಯನ್ನು ಪ್ರಕಟಿಸಿತು. ಸಾವಿರ ರೂಪಾಯಿಯಿಂದ ಒಂದು ಕೋಟಿ ರೂಪಾಯಿಯವರೆಗಿನ ಬಾಂಡನ್ನು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಬೇಕಾದ ಪಕ್ಷಕ್ಕೆ ಕೊಡಬಹುದಾಗಿತ್ತು. ಪಕ್ಷವು ಅದನ್ನು 15 ದಿನಗಳೊಳಗೆ ಹಣವಾಗಿಸಿಕೊಳ್ಳಬೇಕಾಗಿತ್ತು. ಬಾಂಡಿನ ಮೇಲೆ ಕೊಂಡವರ ಹೆಸರಿರಲಿಲ್ಲ. ಕೊಟ್ಟವರು ಯಾರೆಂಬುದನ್ನು ಪಕ್ಷವು ತಿಳಿಸಬೇಕಾಗಿರಲಿಲ್ಲ. ಕಂಪನಿಯು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 7.5ಕ್ಕಿಂತ ಹೆಚ್ಚು ಕೊಡಕೂಡದೆಂಬ ಮಿತಿಯನ್ನು 2017ರಲ್ಲೇ ತೆಗೆದುಹಾಕಲಾಗಿತ್ತು. ಹಣವು ಬ್ಯಾಂಕಿನ ಮೂಲಕವೇ ಬರುವುದರಿಂದ ಕಪ್ಪುಹಣ ತಗ್ಗುವುದು, ದಾನಿಗಳಿಗೆ ಎದುರುಪಕ್ಷದ ಹಗೆಯ ಭಯವಿರದು ಎಂಬುದು ಸರ್ಕಾರದ ವಾದ. ಇದರಲ್ಲಿ ಹುರುಳೇ ಇಲ್ಲವೆನ್ನಲಾಗದು. ಆದರೆ ಗುಟ್ಟು ಎಲ್ಲರಿಗೂ ಸಮನಾದ ಗುಟ್ಟಾಗಿರಲಿಲ್ಲ. 2018ರ ಏಪ್ರಿಲ್ ತಿಂಗಳಲ್ಲಿ ಪತ್ರಕರ್ತೆ ಪೂನಂ ಅಗರ್ವಾಲ್ ಅವರು ಸಾವಿರ ರೂಪಾಯಿಯ ಎರಡು ಬಾಂಡುಗಳನ್ನು ಕೊಂಡು ಪ್ರಯೋಗಾಲಯದ ಪರೀಕ್ಷೆಗೆ ಕೊಟ್ಟರು. ಬರಿಗಣ್ಣಿಗೆ ಕಾಣದ ಸಂಖ್ಯೆಯೊಂದು ನೇರಳಾತೀತ ಬೆಳಕಿನಲ್ಲಿ ಗೋಚರಿಸಿತು! ಅದು ನಕಲಿ ಬಾಂಡುಗಳನ್ನು ತಡೆಯುವುದಕ್ಕಾಗಿ ಎಂದು ಸರ್ಕಾರ ಹೇಳಿತು. ಹೇಗಾದರೂ ಕೊಂಡವರ ಹೆಸರು ಬ್ಯಾಂಕಿಗೆ ತಿಳಿದಿತ್ತು. ಮತದಾರನಿಗೆ ಮಾತ್ರ ತಿಳಿಯದು.

ಇದನ್ನು ಪ್ರಶ್ನಿಸಿದವರಲ್ಲಿ ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ ಮುಖ್ಯವಾದುದು. ಅಹಮದಾಬಾದಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಪ್ರಾಧ್ಯಾಪಕರು 1999ರಲ್ಲಿ ಸ್ಥಾಪಿಸಿದ ಸಂಘವಿದು. ಅಭ್ಯರ್ಥಿಗಳು ತಮ್ಮ ಆಸ್ತಿಯನ್ನೂ ತಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನೂ ಪ್ರಕಟಿಸಬೇಕೆಂಬ 2002ರ ತೀರ್ಪು ಈ ಸಂಘದ ಮೊಕದ್ದಮೆಯಿಂದಲೇ ಬಂದಿತ್ತು. ಈ ಸಂಘವೂ, ಕಾಮನ್ ಕಾಸ್ ಸಂಸ್ಥೆಯೂ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷವೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವು. ವಿಚಾರಣೆ ವರ್ಷಗಟ್ಟಲೆ ಸಾಗಿತು. ಬಾಂಡುಗಳ ಮಾರಾಟವೂ ಅದರೊಡನೆ ಸಾಗಿತು. ಒಟ್ಟು ಸುಮಾರು 16,500 ಕೋಟಿ ರೂಪಾಯಿಗಳ ಬಾಂಡುಗಳು ಮಾರಾಟವಾದವು.

2024ರ ಫೆಬ್ರವರಿ 15ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠವು ಯೋಜನೆಯನ್ನು ಒಮ್ಮತದಿಂದ ರದ್ದುಗೊಳಿಸಿತು. ಪಕ್ಷಕ್ಕೆ ಹಣ ಕೊಟ್ಟವರಾರೆಂದು ತಿಳಿಯುವುದು ಸಂವಿಧಾನದ 19ನೆಯ ವಿಧಿಯೊಳಗೇ ಅಡಗಿರುವ ಹಕ್ಕೆಂದು ಸಾರಿತು. 2019ರ ಏಪ್ರಿಲ್ 12ರಿಂದೀಚಿನ ಬಾಂಡುಗಳ ವಿವರ ಕೊಡಲು ಬ್ಯಾಂಕು ಜೂನ್ 30ರವರೆಗೆ ಕಾಲಾವಕಾಶ ಬೇಡಿತು. ಮಾರ್ಚ್ 11ರಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮಾರ್ಚ್ 21ರಂದು ಆ ಗುಪ್ತ ಸಂಖ್ಯೆಗಳೂ ಹೊರಬಿದ್ದುದರಿಂದ, ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂಬುದನ್ನು ಹೊಂದಿಸಿ ನೋಡಲು ಸಾಧ್ಯವಾಯಿತು. ಪಟ್ಟಿಯಲ್ಲಿ ಆಳುವ ಪಕ್ಷವೂ ಇತ್ತು, ವಿರೋಧ ಪಕ್ಷಗಳೂ ಇದ್ದವು.

ಕತ್ತಲೆ ಪೂರ್ತಿಯಾಗಿ ಹರಿದಿತೆಂದಲ್ಲ. 20,000 ರೂಪಾಯಿ ಮೀರದ ವಂತಿಗೆ ಕೊಟ್ಟವರ ಹೆಸರನ್ನು ಪಕ್ಷವು ವರದಿಯಲ್ಲಿ ತಿಳಿಸಬೇಕಾಗಿಲ್ಲ. ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಅಭ್ಯರ್ಥಿಗೆ ಮಾತ್ರ ಮಿತಿಯುಂಟು. 2023ರ ವಿಧಾನಸಭಾ ಚುನಾವಣೆಯಲ್ಲಿ ಅದು 40 ಲಕ್ಷ ರೂಪಾಯಿಗಳಾಗಿತ್ತು. ಫಲಿತಾಂಶ ಬಂದ 30 ದಿನಗಳೊಳಗೆ ಅಭ್ಯರ್ಥಿಯು ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸತಕ್ಕದ್ದು. ಇಂಡಿಯ ರೈತನಾಗಲಿ, ಮುದ್ದೇಬಿಹಾಳದ ವ್ಯಾಪಾರಿಯಾಗಲಿ, ವಿಜಯಪುರದ ಆ ಕಚೇರಿಗೆ ಹೋಗಿ ಅದನ್ನು ಪರಿಶೀಲಿಸಬಹುದು. 1961ರ ನಿಯಮಗಳು ಅದಕ್ಕೆ ಗೊತ್ತುಪಡಿಸಿದ ಶುಲ್ಕ ಒಂದು ರೂಪಾಯಿ.