ಕಚ್ಚಾ ಮಣ್ಣು, ಪಕ್ಕಾ ಶಾಲೆ

ವಾಣಿಜ್ಯ ವಿಭಾಗದ ವಿದ್ಯಾರ್ಥಿಗೆ ವಾಸ್ತುಶಿಲ್ಪದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ಕಟ್ಟಡ ಎಂದರೆ ನಕ್ಷೆ, ಇಟ್ಟಿಗೆ, ಸಿಮೆಂಟ್, ಅದು ಎಂಜಿನಿಯರುಗಳ ಕೆಲಸ ಎಂದು ನಾವು ತಿಳಿದಿದ್ದೇವೆ. ಆದರೆ ಪ್ರತಿಯೊಂದು ಕಟ್ಟಡದ ಹಿಂದೆ ಒಂದು ಲೆಕ್ಕದ ಪುಸ್ತಕವೂ ಇರುತ್ತದೆ. ಹಣ ಎಲ್ಲಿಂದ ಬಂತು? ಯಾರ ಕೈಗೆ ಹೋಯಿತು? ಕೆಲಸ ಮುಗಿದ ಮೇಲೆ ಊರಿನಲ್ಲಿ ಉಳಿದದ್ದೇನು? ಈ ಮೂರು ಪ್ರಶ್ನೆಗಳನ್ನು ಕೇಳುವುದು ನಮ್ಮ ವಿಭಾಗದವರ ಕೆಲಸವೇ ಸರಿ.

ವಾಸ್ತುಶಿಲ್ಪ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ಎರಡು ಶಾಲೆಗಳನ್ನು ಈ ಪ್ರಶ್ನೆಗಳ ಮೂಲಕ ನೋಡೋಣ. ಒಂದು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲಿದೆ. ಇನ್ನೊಂದು ಬಾಂಗ್ಲಾದೇಶದಲ್ಲಿದೆ. ಎರಡರ ಗೋಡೆಗಳೂ ಮಣ್ಣಿನವು. ಎರಡಕ್ಕೂ ಜಗತ್ತಿನ ದೊಡ್ಡ ವಾಸ್ತುಶಿಲ್ಪ ಪ್ರಶಸ್ತಿಗಳಲ್ಲಿ ಒಂದು ಸಿಕ್ಕಿದೆ.

ಊರು ಹಾಕಿದ ಬಂಡವಾಳ

ದಿಯೆಬೆದೊ ಫ್ರಾನ್ಸಿಸ್ ಕೆರೆ 1965ರಲ್ಲಿ ಬುರ್ಕಿನಾ ಫಾಸೊದ ಗಂದೊ ಎಂಬ ಹಳ್ಳಿಯಲ್ಲಿ ಹುಟ್ಟಿದರು. (ಹೆಸರು ಕೇಳಿದರೆ ನಮ್ಮ ಊರ ಕೆರೆಯ ನೆನಪಾಗುತ್ತದೆ, ಆದರೆ ಅದು ಅವರ ಮನೆತನದ ಹೆಸರು.) ಅವರು ಊರಿನ ಮುಖ್ಯಸ್ಥರ ಮಗ. ಹಳ್ಳಿಯಲ್ಲಿ ಶಾಲೆ ಇರಲಿಲ್ಲ. ಏಳನೆಯ ವಯಸ್ಸಿಗೆ ಮನೆ ಬಿಟ್ಟು ಟೆಂಕೊಡೊಗೊ ಪಟ್ಟಣಕ್ಕೆ ಹೋಗಿ ಓದಬೇಕಾಯಿತು. ಅಲ್ಲಿನ ತರಗತಿ ಸಿಮೆಂಟ್ ಕಟ್ಟಡ. ಒಳಗೆ ಬೆಳಕು ಕಡಿಮೆ, ಸೆಕೆ ಹೆಚ್ಚು, ಮಕ್ಕಳು ನೂರಕ್ಕೂ ಮೇಲೆ.

ಮುಂದೆ 1985ರಲ್ಲಿ ಬಡಗಿ ಕೆಲಸದ ತರಬೇತಿಗೆ ವಿದ್ಯಾರ್ಥಿವೇತನ ಪಡೆದು ಜರ್ಮನಿಗೆ ಹೋದರು. ರಾತ್ರಿ ಶಾಲೆಯಲ್ಲಿ ಓದು ಮುಂದುವರಿಸಿ, ನಂತರ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪಕ್ಕೆ ಸೇರಿದರು. ರಜೆ ಮುಗಿಸಿ ಊರಿನಿಂದ ಹೊರಡುವಾಗಲೆಲ್ಲ ಹಳ್ಳಿಯ ಹೆಂಗಸರು ತಮ್ಮ ಬಳಿ ಇದ್ದ ಕೊನೆಯ ನಾಣ್ಯವನ್ನೂ ತೆಗೆದು ಅವರ ಕೈಗೆ ಕೊಡುತ್ತಿದ್ದರು ಎಂದು ಕೆರೆ ಒಂದು ಭಾಷಣದಲ್ಲಿ ಹೇಳಿದ್ದಾರೆ. ಇವನು ಓದಿ ಮುಂದೆ ಬರಲಿ, ಒಂದು ದಿನ ಊರಿಗೆ ಉಪಯೋಗವಾಗಲಿ ಎಂಬುದು ಅದರ ಅರ್ಥ. ಷೇರು ಪತ್ರ ಇಲ್ಲ, ರಸೀದಿ ಇಲ್ಲ. ಆದರೂ ಇದು ಬಂಡವಾಳವೇ.

ಆ ಬಂಡವಾಳಕ್ಕೆ ಪ್ರತಿಫಲ ಕೊಡಲು ಅವರು ಪದವಿ ಮುಗಿಯುವವರೆಗೆ ಕಾಯಲಿಲ್ಲ. 1998ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿರುವಾಗಲೇ, ಬರ್ಲಿನ್‌ನ ಗೆಳೆಯರೊಂದಿಗೆ ಒಂದು ಸಂಘ ಕಟ್ಟಿದರು. ಗಂದೊ ಶಾಲೆಗೆ ಇಟ್ಟಿಗೆ ಕೂಡಿಸುವುದು ಎಂಬ ಅರ್ಥ ಬರುವ ಹೆಸರನ್ನೇ ಅದಕ್ಕೆ ಇಟ್ಟರು. ಶಾಲೆಯ ಕೆಲಸ 2000ದ ಅಕ್ಟೋಬರ್‌ನಲ್ಲಿ ಆರಂಭವಾಗಿ 2001ರ ಜುಲೈನಲ್ಲಿ ಮುಗಿಯಿತು. ಒಟ್ಟು ಖರ್ಚು ಸುಮಾರು 30 ಸಾವಿರ ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 14 ಲಕ್ಷ ರೂಪಾಯಿ. ಅವರಿಗೆ ಪದವಿ ಸಿಕ್ಕಿದ್ದು 2004ರಲ್ಲಿ.

ಕಚ್ಚಾ ಎಂದರೆ ಕೀಳೇ?

ನಮ್ಮ ಮನೆಯಲ್ಲಿ ಉರ್ದು ಮಾತನಾಡುತ್ತೇವೆ. ಮಣ್ಣಿನ ಮನೆಗೆ 'ಕಚ್ಚಾ ಮಕಾನ್', ಸಿಮೆಂಟ್ ಮನೆಗೆ 'ಪಕ್ಕಾ ಮಕಾನ್' ಎನ್ನುವುದು ರೂಢಿ. ಕನ್ನಡದಲ್ಲೂ ಈ ಎರಡು ಪದಗಳು ಸೇರಿಹೋಗಿವೆ. ಮಣ್ಣಿನ ಮನೆ ಎಂದರೆ ಬಡತನ, ಸಿಮೆಂಟ್ ಎಂದರೆ ಏಳಿಗೆ ಎಂಬ ತೀರ್ಪು ಆ ಪದಗಳ ಒಳಗೇ ಅಡಗಿದೆ. ಗಂದೊ ಹಳ್ಳಿಯವರಿಗೂ ಹೀಗೆಯೇ ಅನಿಸಿತು. ಜರ್ಮನಿಯಲ್ಲಿ ಓದಿದ ಮಗ ಬಂದು ಮಣ್ಣಿನ ಶಾಲೆ ಕಟ್ಟೋಣ ಎಂದಾಗ ಅವರಿಗೆ ನಿರಾಸೆಯಾಯಿತು. ಮಣ್ಣಿನ ಗೋಡೆ ಮಳೆಗಾಲಕ್ಕೆ ಕರಗುತ್ತದೆ ಎಂಬುದು ಅವರ ಅನುಭವ. ಆ ಸಂಶಯ ನ್ಯಾಯವಾದದ್ದೇ.

ಕೆರೆ ಈ ಸಂಶಯಕ್ಕೆ ವಿನ್ಯಾಸದಲ್ಲೇ ಉತ್ತರ ಕೊಟ್ಟರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಅಚ್ಚಿನಲ್ಲಿ ಹಾಕಿ, ಯಂತ್ರದಲ್ಲಿ ಬಲವಾಗಿ ಒತ್ತಿ ಇಟ್ಟಿಗೆ ಮಾಡಿಸಿದರು. ಇದನ್ನು ಭಟ್ಟಿಯಲ್ಲಿ ಸುಡಬೇಕಾಗಿಲ್ಲ, ಸೌದೆ ಬೇಡ. ತಗಡಿನ ಚಾವಣಿಯನ್ನು ಗೋಡೆಗಿಂತ ತುಂಬ ಹೊರಗೆ ಚಾಚಿದರು. ಹಾಗಾಗಿ ಮಳೆ ನೇರವಾಗಿ ಗೋಡೆಗೆ ಬಡಿಯುವುದಿಲ್ಲ.

ಇನ್ನು ಸೆಕೆಯ ಮಾತು. ಆ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೀಟಿನ ಕೆಳಗೆ ನೇರವಾಗಿ ಕೂತರೆ ಏನಾಗುತ್ತದೆ ಎಂದು ನಮ್ಮಲ್ಲಿ ಶೀಟಿನ ಮನೆಯಲ್ಲಿ ಇರುವವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಅವರು ಎರಡು ಮಾಡು ಇಟ್ಟರು. ತರಗತಿಯ ತಲೆಯ ಮೇಲೆ ಮಣ್ಣಿನ ಇಟ್ಟಿಗೆಯದೇ ಒಂದು ಒಳಮಾಡು, ಅದರಲ್ಲಿ ಗಾಳಿ ಹೋಗಲು ಸಂದುಗಳು. ಅದರ ಮೇಲೆ, ಅಂತರ ಬಿಟ್ಟು, ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ತಗಡಿನ ಚಾವಣಿ. ಬಿಸಿ ಗಾಳಿ ಸಹಜವಾಗಿ ಮೇಲೇರುತ್ತದೆ, ಸಂದುಗಳಿಂದ ಹೊರಹೋಗುತ್ತದೆ, ಕಿಟಕಿಗಳಿಂದ ತಂಪು ಗಾಳಿ ಒಳಬರುತ್ತದೆ. ಫ್ಯಾನ್ ಬೇಡ, ಕರೆಂಟ್ ಬಿಲ್ ಬೇಡ. ಕಟ್ಟುವ ಖರ್ಚನ್ನು ಒಮ್ಮೆ ಮಾಡಿದರೆ ಮುಗಿಯಿತು, ನಡೆಸುವ ಖರ್ಚು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಬಡ ಹಳ್ಳಿಯ ಶಾಲೆಗೆ ಈ ಎರಡನೆಯ ಖರ್ಚೇ ದೊಡ್ಡ ಹೊರೆ. ಅದನ್ನು ನಕ್ಷೆ ಬರೆಯುವಾಗಲೇ ಕಡಿಮೆ ಮಾಡಿದ್ದು ಇಲ್ಲಿನ ಜಾಣತನ.

ಮೇಲಿನ ಚೌಕಟ್ಟಿನಲ್ಲೂ ಒಂದು ಪಾಠವಿದೆ. ಆ ಹಳ್ಳಿಗೆ ಕ್ರೇನ್ ತರುವಂತಿರಲಿಲ್ಲ, ದೊಡ್ಡ ತೊಲೆಗಳನ್ನು ಸಾಗಿಸುವಂತಿರಲಿಲ್ಲ. ಆದ್ದರಿಂದ ಸಾಮಾನ್ಯ ಸರಳುಗಳನ್ನು ಕೈಗರಗಸದಿಂದ ಕತ್ತರಿಸಿ, ಸಣ್ಣ ವೆಲ್ಡಿಂಗ್ ಯಂತ್ರದಿಂದ ಜೋಡಿಸುವಂತೆ ವಿನ್ಯಾಸ ಮಾಡಿದರು. ಊರಿನ ಹುಡುಗರಿಗೆ ಆ ಕೆಲಸ ಕಲಿಸಿದರು. ಇಟ್ಟಿಗೆ ಮಾಡುವವರಿಗೆ ಅಲ್ಲಿನ ಒಂದು ಸರಕಾರಿ ಸಂಸ್ಥೆಯಿಂದ ತರಬೇತಿ ಕೊಡಿಸಿದರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಕೈಜೋಡಿಸಿದರು.

ಮಾಲು ಮತ್ತು ಮಜೂರಿ

ನನ್ನ ಮಾಮು ಗಾರೆ ಕೆಲಸದ ಮೇಸ್ತ್ರಿ. ಯಾವ ಮನೆಯ ಲೆಕ್ಕ ಹೇಳುವಾಗಲೂ ಅವರು ಎರಡೇ ಸಾಲು ಹಾಕುತ್ತಾರೆ: ಮಾಲು, ಮಜೂರಿ. ನಮ್ಮ ಪಠ್ಯಪುಸ್ತಕ ಕಚ್ಚಾ ವಸ್ತು, ಕೂಲಿ ಎಂದು ಹೇಳುವುದೂ ಇದನ್ನೇ. ಒಂದು ಉದಾಹರಣೆ ತೆಗೆದುಕೊಳ್ಳೋಣ (ಅರ್ಥವಾಗಲಿ ಎಂದು ನಾನೇ ಹಾಕಿದ ಅಂಕಿಗಳು ಇವು). 10 ಲಕ್ಷದ ಎರಡು ಕಟ್ಟಡಗಳಿವೆ. ಮೊದಲನೆಯದರಲ್ಲಿ 7 ಲಕ್ಷ ಮಾಲಿಗೆ, 3 ಲಕ್ಷ ಮಜೂರಿಗೆ. ಎರಡನೆಯದರಲ್ಲಿ 3 ಲಕ್ಷ ಮಾಲಿಗೆ, 7 ಲಕ್ಷ ಮಜೂರಿಗೆ. ಲೆಕ್ಕದ ಕೊನೆಯ ಸಾಲಿನಲ್ಲಿ ಎರಡೂ ಒಂದೇ. ಆದರೆ ಸಿಮೆಂಟ್, ಉಕ್ಕು, ಟೈಲ್ಸ್‌ಗೆ ಕೊಟ್ಟ ಹಣದ ಬಹುಪಾಲು ದೂರದ ಕಾರ್ಖಾನೆಗೆ ಹೋಗುತ್ತದೆ. ಊರಿನವರಿಗೇ ಕೊಟ್ಟ ಮಜೂರಿ ಸಂಜೆಯೇ ಊರ ಕಿರಾಣಿ ಅಂಗಡಿಗೆ, ಹಾಲಿನವರಿಗೆ, ಮಕ್ಕಳ ಫೀಸಿಗೆ ಹೋಗುತ್ತದೆ. ಒಂದೇ ನೋಟು ಊರೊಳಗೆ ನಾಲ್ಕು ಕೈ ದಾಟುತ್ತದೆ.

ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕಟ್ಟಿದ್ದು ಎರಡನೆಯ ಶಾಲೆ. ಆನ್ನಾ ಹೆರಿಂಗರ್ 19ನೆಯ ವಯಸ್ಸಿನಲ್ಲಿ ಸ್ವಯಂಸೇವಕಿಯಾಗಿ ಜರ್ಮನಿಯಿಂದ ಬಾಂಗ್ಲಾದೇಶಕ್ಕೆ ಬಂದರು. ದೀಪಶಿಖಾ ಎಂಬ ಗ್ರಾಮಾಭಿವೃದ್ಧಿ ಸಂಸ್ಥೆಯೊಂದಿಗೆ ಹಳ್ಳಿಯಲ್ಲಿದ್ದು, ಅಲ್ಲಿನ ಬದುಕನ್ನು ನೋಡಿದರು. ನಂತರ ಆಸ್ಟ್ರಿಯಾದ ಲಿಂಜ್‌ನಲ್ಲಿ ವಾಸ್ತುಶಿಲ್ಪ ಓದಿ, ದಿನಾಜಪುರ ಜಿಲ್ಲೆಯ ರುದ್ರಾಪುರ ಹಳ್ಳಿಗೆ ಒಂದು ಶಾಲೆಯನ್ನೇ 2004ರಲ್ಲಿ ತಮ್ಮ ಅಂತಿಮ ಪದವಿ ಯೋಜನೆಯಾಗಿ ರೂಪಿಸಿದರು. ಅಂಕ ಸಿಕ್ಕ ಮೇಲೆ ನಮ್ಮ ಪ್ರಾಜೆಕ್ಟ್ ಪುಸ್ತಕಗಳು ಬೀರು ಸೇರುತ್ತವೆ. ಅವರದು ಮರುವರ್ಷವೇ ಎದ್ದು ನಿಂತಿತು. ವಾಸ್ತುಶಿಲ್ಪಿ ಐಕೆ ರೋಸ್ವಾಗ್ ಕಟ್ಟಡದ ತಾಂತ್ರಿಕ ಹೊಣೆಯಲ್ಲಿ ಜೊತೆಯಾದರು.

ನೆಲಮಹಡಿಯ ಮೂರು ತರಗತಿಗಳ ಗೋಡೆ ಮಣ್ಣು ಮತ್ತು ಹುಲ್ಲಿನದು. ಕೆಸರನ್ನು ಜಾನುವಾರುಗಳಿಂದ ತುಳಿಸಿ ಹದ ಮಾಡಿದರು. ಗೋಡೆಯನ್ನು ಮೊಣಕಾಲಿಗಿಂತ ಸ್ವಲ್ಪ ಎತ್ತರದ ಪದರವಾಗಿ ಹಾಕಿ, ಕೆಲವು ದಿನ ಒಣಗಲು ಬಿಟ್ಟು, ಅಂಚುಗಳನ್ನು ಚೂಪಾದ ಸಲಿಕೆಯಿಂದ ಸವರಿ, ಮೇಲೆ ಮತ್ತೊಂದು ಪದರ ಹಾಕಿದರು. ಮಹಡಿಯ ಎರಡು ತರಗತಿಗಳು ಬಿದಿರಿನವು. ಬಾಗಿಲುಗಳಿಗೆ ಬಣ್ಣದ ಸೀರೆಗಳ ಪರದೆ. ಮಣ್ಣು, ಹುಲ್ಲು, ಬಿದಿರು ಎಲ್ಲವೂ ಆ ಸೀಮೆಯಲ್ಲೇ ಸಿಗುವಂಥವು. ಖರ್ಚಿನ ದೊಡ್ಡ ಪಾಲು ಕೆಲಸಗಾರರ ಕೈಗೆ ಹೋಗಬೇಕು ಎಂಬುದು ವಿನ್ಯಾಸದ ಗುರಿಗಳಲ್ಲೇ ಒಂದಾಗಿತ್ತು.

ಗಂದೊದಲ್ಲಿ ಉಳಿದ ಲಾಭ ಬೇರೆ ಬಗೆಯದು. ಅದು ಕೈಕೆಲಸದ ವಿದ್ಯೆ. ಶಾಲೆ ಕಟ್ಟುತ್ತ ಕಲಿತ ಯುವಕರನ್ನು ಅಲ್ಲಿನ ಸ್ಥಳೀಯ ಆಡಳಿತ ಮುಂದೆ ಪಟ್ಟಣದ ಸಾರ್ವಜನಿಕ ಕಾಮಗಾರಿಗಳಲ್ಲಿ ಬಳಸಿಕೊಳ್ಳತೊಡಗಿತು. ಶಾಲೆಗೆ ಶಿಕ್ಷಕರನ್ನು ಕೊಟ್ಟು ಅವರ ಸಂಬಳವನ್ನೂ ವಹಿಸಿಕೊಂಡಿತು. ಗಂದೊವನ್ನು ನೋಡಿ ಅಕ್ಕಪಕ್ಕದ ಎರಡು ಹಳ್ಳಿಗಳು ತಾವೂ ಕೂಡಿ ದುಡಿದು ಶಾಲೆ ಕಟ್ಟಿಕೊಂಡವು. ಕಟ್ಟಡಕ್ಕೆ ವರ್ಷ ವರ್ಷ ಸವಕಳಿ ಹಾಕುತ್ತೇವೆ. ಕಲಿತ ಕೈಗೆ ಸವಕಳಿ ಇಲ್ಲ, ಬಳಸಿದಷ್ಟೂ ಅದರ ಬೆಲೆ ಏರುತ್ತದೆ. ನಮ್ಮ ಜಮಾ-ಖರ್ಚಿನ ಪಟ್ಟಿಯಲ್ಲಿ ಇದನ್ನು ಬರೆಯುವ ಕಲಂ ಮಾತ್ರ ಇಲ್ಲ.

ಒಂದು ಆಕ್ಷೇಪ

ಬಡವರಿಗೆ ಮಣ್ಣು ಸಾಕು, ನಮಗೆ ಸಿಮೆಂಟ್ ಇರಲಿ ಎಂದಂತೆ ಆಗುವುದಿಲ್ಲವೇ? ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಗ್ಗ ಎಂಬ ಒಂದೇ ಕಾರಣಕ್ಕೆ ಯಾರದೋ ಮೇಲೆ ಮಣ್ಣಿನ ಮನೆ ಹೇರಿದರೆ ಅದು ಅವಮಾನವೇ. ಆದರೆ ಈ ಇಬ್ಬರೂ ಹಾಗೆ ಮಾಡಲಿಲ್ಲ. ಸಿಮೆಂಟಿಗೆ ಅವರು ವಿರೋಧಿಗಳೂ ಅಲ್ಲ. ಗಂದೊದ ಇಟ್ಟಿಗೆಯಲ್ಲಿ ಸಿಮೆಂಟ್ ಇದೆ, ಕಾಂಕ್ರೀಟ್ ತೊಲೆಗಳಿವೆ, ತಗಡಿದೆ. ರುದ್ರಾಪುರದ ಮಣ್ಣಿನ ಗೋಡೆಯ ಕೆಳಗೆ ಸುಟ್ಟ ಇಟ್ಟಿಗೆಯ ಅಡಿಪಾಯವಿದೆ, ತೇವ ಮೇಲೇರದಂತೆ ತಡೆಯ ಪದರವಿದೆ. ಎಲ್ಲಿ ಏನು ಬೇಕೋ ಅಲ್ಲಿ ಅದನ್ನು ಅಳೆದು ಹಾಕಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಜನರ ಸಂಶಯಕ್ಕೆ ಕಿವಿಗೊಟ್ಟು, ಅವರನ್ನು ಒಪ್ಪಿಸಿ, ಅವರ ಕೈಯಿಂದಲೇ ಕಟ್ಟಿಸಿದ್ದಾರೆ.

ಗಂದೊ ಶಾಲೆಗೆ 2004ರಲ್ಲಿ, ರುದ್ರಾಪುರದ ಶಾಲೆಗೆ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ಸಮಾಜಗಳ ಅಗತ್ಯಗಳಿಗೆ ಸ್ಪಂದಿಸುವ ಕಟ್ಟಡಗಳಿಗಾಗಿ 1977ರಲ್ಲಿ ಆರಂಭವಾದ ಪ್ರಶಸ್ತಿ ಇದು. 2022ರಲ್ಲಿ ಕೆರೆ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ದೊರೆಯಿತು. ಅದನ್ನು ಪಡೆದ ಮೊದಲ ಆಫ್ರಿಕನ್ ಅವರು. ಬಡವರಿಗೆ ಎಂದು ಕಟ್ಟಿದ್ದು ಎರಡನೆಯ ದರ್ಜೆಯದಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈ ವಿದ್ಯೆ ನಮ್ಮ ನಾಡಿಗೂ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯಲು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಮಣ್ಣಿಗೆ ಅಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ ಇಟ್ಟಿಗೆಯ ಬಗ್ಗೆ ಅಲ್ಲಿ ದೀರ್ಘಕಾಲ ಸಂಶೋಧನೆ ನಡೆದಿದೆ.

ನಮ್ಮ ಪಾಲಿಗೆ ಬರುವ ಲೆಕ್ಕ

ನಮ್ಮಲ್ಲಿ ಹಲವರ ಅಬ್ಬಾ, ಭಾಯಿ, ಚಾಚಾ ಗಲ್ಫ್‌ನಲ್ಲಿ ದುಡಿಯುತ್ತಾರೆ. ನಾಳೆ ನಮ್ಮಲ್ಲೂ ಕೆಲವರು ಹೋಗುತ್ತೇವೆ, ಕೆಲವರು ಬೆಂಗಳೂರಿಗೆ ಹೋಗುತ್ತೇವೆ. ದೂರ ಹೋದವರು ಊರಿಗೆ ಹಣ ಕಳಿಸುವುದು ಒಳ್ಳೆಯ ರೂಢಿ, ಅದರಿಂದ ಎಷ್ಟೋ ಮನೆಗಳು ನಿಂತಿವೆ. ಆದರೆ ಕೆರೆ ಹಣದ ಜೊತೆಗೆ ತಾವು ಕಲಿತದ್ದನ್ನೂ ಕಳಿಸಿದರು. ನಾವು ವಾಣಿಜ್ಯದವರು ನಕ್ಷೆ ಬರೆಯಲಾರೆವು. ಆದರೆ ಊರಿನಲ್ಲಿ ಶಾಲೆಯೋ, ಸಮುದಾಯ ಭವನವೋ, ಅಂಗನವಾಡಿಯೋ ಕಟ್ಟುವಾಗ ಸಮಿತಿಯ ಲೆಕ್ಕ ಬರೆಯುವ ಕೆಲಸ ಒಂದು ದಿನ ನಮ್ಮ ಕೈಗೆ ಬರುತ್ತದೆ. ಆಗ ಎಷ್ಟು ಖರ್ಚಾಯಿತು, ಯಾರು ಎಷ್ಟು ಕೊಟ್ಟರು ಎಂಬ ಎರಡು ಕಲಂಗಳಿಗೆ ನಿಲ್ಲಿಸಬಾರದು ಎಂಬುದೇ ನಾನು ಹೇಳಬೇಕೆಂದಿರುವ ಮಾತು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಬೀದಿಯ ಒಂದು ಸಾರ್ವಜನಿಕ ಕಟ್ಟಡವನ್ನು ಆರಿಸಿಕೊಳ್ಳಿ. ಅದರ ಮಾಲು ಎಲ್ಲಿಂದ ಬಂತು, ಮಜೂರಿ ಯಾರಿಗೆ ಹೋಯಿತು ಎಂದು ಹಿರಿಯರನ್ನು ಕೇಳಿ ಬರೆಯಿರಿ.

2. ಅದನ್ನು ಕಟ್ಟುವ ಮೊದಲು ಬಳಸುವವರನ್ನು ಯಾರಾದರೂ ಕೇಳಿದ್ದರೇ? ಹೆಂಗಸರನ್ನು, ಮಕ್ಕಳನ್ನು?

3. ಆ ಕಟ್ಟಡಕ್ಕೆ ತಿಂಗಳಿಗೆ ಎಷ್ಟು ಕರೆಂಟ್ ಬಿಲ್ ಬರುತ್ತದೆ? ಗಾಳಿ, ಬೆಳಕು ಚೆನ್ನಾಗಿದ್ದರೆ ಎಷ್ಟು ಉಳಿಯಬಹುದಿತ್ತು?

4. ಅದರ ಒಂದು ಗೋಡೆ ಬಿರುಕು ಬಿಟ್ಟರೆ ಊರಿನವರೇ ಸರಿಮಾಡಬಲ್ಲರೇ, ಹೊರಗಿನಿಂದ ಜನ ಬರಬೇಕೇ?