ಮಾದಕ ವ್ಯಸನಿಗೂ ಉಚಿತ ಕಾನೂನು ನೆರವಿದೆ

ಒಗೆಯಲು ತೆಗೆದ ಮಗನ ಪ್ಯಾಂಟಿನ ಜೇಬಿನಲ್ಲಿ ನೋವಿನ ಮಾತ್ರೆಯ ಖಾಲಿ ಪಟ್ಟಿಗಳು ಸಿಗುತ್ತವೆ. ಇನ್ನೊಂದು ದಿನ ಸುಟ್ಟು ಕಪ್ಪಾದ ಅಲ್ಯೂಮಿನಿಯಂ ಹಾಳೆ. ತಾಯಿಗೆ ವಿಷಯ ಅರ್ಥವಾಗುತ್ತದೆ. ಆದರೆ ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸರಿಗೆ ತಿಳಿಯಬಹುದು, ಊರಿಗೆಲ್ಲ ಗೊತ್ತಾದರೆ ಮಗಳ ಮದುವೆಗೆ ಅಡ್ಡಿಯಾಗಬಹುದು ಎಂಬ ಭಯದಿಂದ ಮನೆಯವರು ಸುಮ್ಮನಾಗುತ್ತಾರೆ. ಹೀಗೆ ತಿಂಗಳುಗಳು ಕಳೆದು, ಒಂದು ರಾತ್ರಿ ಠಾಣೆಯಿಂದ ಫೋನ್ ಬರುತ್ತದೆ.

ಈ ಭಯದಲ್ಲಿ ಬಹುಪಾಲು ಕಾನೂನು ತಿಳಿಯದಿರುವುದರಿಂದ ಬಂದದ್ದು. ಆದ್ದರಿಂದ ಪ್ರತಿ ಕುಟುಂಬವೂ ಕೆಲವು ವಿಷಯಗಳನ್ನು ತಿಳಿದಿರಬೇಕು.

ಇದು ಕಾಯಿಲೆ

ಅಫೀಮು, ಬ್ರೌನ್ ಶುಗರ್ ಎಂಬ ಹೆಸರಿನಲ್ಲಿ ಸಿಗುವ ಹೆರಾಯಿನ್, ಮಾರ್ಫಿನ್, ಕೊಡೈನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆ ಇವೆಲ್ಲ ಒಂದೇ ಗುಂಪಿಗೆ ಸೇರಿದವು. ಇವನ್ನು ಒಪಿಯಾಯ್ಡ್ ಎನ್ನುತ್ತಾರೆ. ದೇಹ ಇವಕ್ಕೆ ಒಗ್ಗಿಕೊಂಡ ಮೇಲೆ ಒಮ್ಮೆಲೇ ನಿಲ್ಲಿಸಿದರೆ ಮೈಕೈ ನೋವು, ವಾಂತಿ, ಭೇದಿ, ನಿದ್ರಾಹೀನತೆ ಶುರುವಾಗುತ್ತವೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ, ಒಪಿಯಾಯ್ಡ್ ಸೇವನೆಯ ಕಾರಣಕ್ಕೆ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ ಮಂದಿ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯೆಂದೇ ಪರಿಗಣಿಸುತ್ತದೆ. ರೋಗಿಯ ವಿವರಗಳನ್ನು ಗುಟ್ಟಾಗಿ ಇಡುವುದು ಆಸ್ಪತ್ರೆಯ ಕರ್ತವ್ಯ ಎಂದೂ ಈ ಕಾಯ್ದೆ ಹೇಳುತ್ತದೆ.

ಚಿಕಿತ್ಸೆಗೆ ಹೋದವನಿಗೆ ರಕ್ಷಣೆ

1985ರ ಮಾದಕ ದ್ರವ್ಯ ಕಾಯ್ದೆ ಬಹಳ ಕಠಿಣವಾದುದು. ಸೇವನೆಯೂ ಅಪರಾಧವೇ. ಹೆರಾಯಿನ್ ಸೇವಿಸಿದರೆ ಒಂದು ವರ್ಷದವರೆಗೆ ಜೈಲು, 20,000 ರೂ. ವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಇದೇ ಕಾಯ್ದೆಯಲ್ಲಿ ವ್ಯಸನಿಗಾಗಿ ಎರಡು ಬಾಗಿಲುಗಳನ್ನು ತೆರೆದಿಡಲಾಗಿದೆ.

ಮೊದಲನೆಯದು 64ಎ ಕಲಂ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿಯು ಸರಕಾರಿ ಅಥವಾ ಸರಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವ ಇಚ್ಛೆಯಿಂದ ಚಿಕಿತ್ಸೆ ಪಡೆದರೆ, ಆ ಅಪರಾಧಕ್ಕಾಗಿ ವಿಚಾರಣೆಗೆ ಗುರಿಯಾಗುವುದರಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ವಿನಾಯಿತಿಯನ್ನು ಹಿಂಪಡೆಯಬಹುದು.

ಎರಡನೆಯದು 39ನೇ ಕಲಂ. ಇಂಥದೇ ಪ್ರಕರಣದಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ, ವ್ಯಸನಿ ಒಪ್ಪಿದರೆ ನ್ಯಾಯಾಲಯ ಅವನನ್ನು ಜೈಲಿಗೆ ಕಳುಹಿಸುವ ಬದಲು ಚಿಕಿತ್ಸೆಗೆ ಕಳುಹಿಸಬಹುದು.

ಹೆರಾಯಿನ್‌ಗೆ ಅಲ್ಪ ಪ್ರಮಾಣವೆಂದರೆ 5 ಗ್ರಾಂ. 250 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಆಗ ಜಾಮೀನು ಸಿಗುವುದೇ ಕಷ್ಟ. ಬೆರಕೆ ಪುಡಿಯಿದ್ದರೆ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಗೆಳೆಯನ ಪೊಟ್ಟಣವನ್ನು ಸುಮ್ಮನೆ ತಲುಪಿಸಲು ಹೋದವನೂ ಸಾಗಾಟದ ಪ್ರಕರಣದಲ್ಲಿ ಸಿಕ್ಕಿಕೊಳ್ಳಬಹುದು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ.

ಉಚಿತ ವಕೀಲರು ಯಾರಿಗೆ?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು. ಉಳಿದವರಿಗೆ ಸರಕಾರ ಆದಾಯದ ಮಿತಿ ನಿಗದಿಪಡಿಸಿದೆ. ಅಂದರೆ ಲಾಕಪ್‌ನಲ್ಲಿರುವ ಮಗನಿಗೂ ಈ ಹಕ್ಕಿದೆ. ಗಂಡನ ವ್ಯಸನದಿಂದ ಹೊಡೆತ ತಿನ್ನುತ್ತಿರುವ, ಮನೆಖರ್ಚಿಗೆ ಕಾಸಿಲ್ಲದ ಹೆಂಡತಿಗೂ ಇದೆ. ರಕ್ಷಣೆ ಮತ್ತು ಜೀವನಾಂಶ ಕೇಳಲು ಆಕೆ ವಿಚ್ಛೇದನ ಪಡೆಯಲೇಬೇಕೆಂದಿಲ್ಲ.

ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ತಾಲೂಕು ನ್ಯಾಯಾಲಯದಲ್ಲಿ ತಾಲೂಕು ಸಮಿತಿಯೂ ಇವೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. ಬರೆಯಲು ಬಾರದಿದ್ದರೆ ಅಲ್ಲಿಯ ಸಿಬ್ಬಂದಿಗೆ ಬಾಯಲ್ಲಿ ಹೇಳಿ, ಬರೆಸಿಕೊಳ್ಳಬಹುದು. ಮಾದಕ ವಸ್ತುಗಳಿಂದ ತೊಂದರೆಗೊಳಗಾದವರಿಗೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2015ರಲ್ಲಿ ಪ್ರತ್ಯೇಕ ಯೋಜನೆಯನ್ನೂ ರೂಪಿಸಿದೆ.

ಠಾಣೆಯಿಂದ ಫೋನ್ ಬಂದರೆ

1. ಮೊದಲು 15100ಕ್ಕೆ ಕರೆ ಮಾಡಿ ಉಚಿತ ವಕೀಲರನ್ನು ಕೇಳಿ. 'ಕೇಸೇ ಇಲ್ಲದಂತೆ ಮಾಡಿಸುತ್ತೇನೆ' ಎನ್ನುವ ಮಧ್ಯವರ್ತಿಗೆ ಹಣ ಕೊಡಬೇಡಿ.

2. ಬಂಧನದ ಕಾರಣ ತಿಳಿಯುವುದು, ವಕೀಲರನ್ನು ಕಾಣುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು ಬಂಧಿತನ ಹಕ್ಕು. ಖಾಲಿ ಕಾಗದಕ್ಕೆ ಸಹಿ ಹಾಕಬಾರದು.

3. ಆಸ್ಪತ್ರೆಯ ಹಳೆಯ ಚೀಟಿ, ಔಷಧದ ಪಟ್ಟಿ ಏನಿದ್ದರೂ ವಕೀಲರ ಕೈಗೆ ಕೊಡಿ. ಮೇಲೆ ಹೇಳಿದ ಎರಡು ಬಾಗಿಲುಗಳನ್ನು ತೆರೆಯಲು ಇವೇ ಆಧಾರ.

4. ಹೆರಾಯಿನ್ ನಿಂತ ಎಂಟು ಹನ್ನೆರಡು ಗಂಟೆಗಳಲ್ಲೇ ಸಂಕಟ ಶುರುವಾಗುತ್ತದೆ. ವೈದ್ಯರ ತಪಾಸಣೆ ಬೇಕೆಂದು ಮೊದಲ ಹಾಜರಿಯಲ್ಲೇ ವಕೀಲರ ಮೂಲಕ ಕೇಳಿಸಿ.

5. ಮಗನಿಗೆ 18 ತುಂಬಿಲ್ಲದಿದ್ದರೆ ಅವನನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗಬೇಕು. ಜನನ ಪ್ರಮಾಣಪತ್ರ ಅಥವಾ ಶಾಲಾ ದಾಖಲೆ ಒಯ್ಯಿರಿ.

ಚಿಕಿತ್ಸಾ ಕೇಂದ್ರದಲ್ಲಿ ಹಿಂಸೆಯಾದರೆ

ವ್ಯಸನ ಬಿಡಿಸುತ್ತೇವೆಂದು ಸರಪಳಿ ಬಿಗಿಯುವ, ಹೊಡೆಯುವ ಕಡೆಗಳೂ ಇವೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯ್ದೆ ಪೂರ್ತಿ ನಿಷೇಧಿಸಿದೆ. ದೂರು ಕೊಡಲು ಬೇಕಾದ ಕಾನೂನು ನೆರವೂ ಉಚಿತ. ಸೇರಿಸುವ ಮೊದಲು ಕೇಂದ್ರಕ್ಕೆ ನೋಂದಣಿ ಇದೆಯೇ, ವೈದ್ಯರು ಬರುತ್ತಾರೆಯೇ, ಮನೆಯವರ ಭೇಟಿಗೆ ಬಿಡುತ್ತಾರೆಯೇ ಎಂದು ವಿಚಾರಿಸಿ.

ಬಿಡುಗಡೆಯಾದ ಮೊದಲ ದಿನಗಳು

ಜೈಲಿನಿಂದ ಅಥವಾ ಕೇಂದ್ರದಿಂದ ಬಂದ ಮೊದಲ ಕೆಲವು ವಾರಗಳೇ ಹೆಚ್ಚು ಅಪಾಯದವು. ಬಿಟ್ಟಿದ್ದ ಅವಧಿಯಲ್ಲಿ ದೇಹದ ಸಹಿಸುವ ಶಕ್ತಿ ಇಳಿದಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರಾಟ ನಿಂತು ಸಾವು ಬರಬಹುದು. ಉಸಿರು ನಿಧಾನವಾಗಿ, ತುಟಿ ನೀಲಿಯಾಗಿ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಏನು ಸೇವಿಸಿದ್ದಾನೆಂದು ಮುಚ್ಚಿಡದೆ ಹೇಳಿ. ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ವೈದ್ಯರು ಬರೆದುಕೊಟ್ಟ ಬುಪ್ರೆನಾರ್ಫಿನ್‌ನಂಥ ಔಷಧವನ್ನು 'ಇದೂ ಒಂದು ಚಟ' ಎಂದು ಮನೆಯವರೇ ನಿಲ್ಲಿಸಬಾರದು.

ನೆನಪಿಡಿ

ಉಚಿತ ಕಾನೂನು ನೆರವು: 15100
ವ್ಯಸನಮುಕ್ತಿ ಸಹಾಯವಾಣಿ: 14446
ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್: 14416

ಈ ಮೂರು ಸಂಖ್ಯೆಗಳನ್ನು ಇಂದೇ ಬರೆದಿಟ್ಟುಕೊಳ್ಳಿ. ನಿಮ್ಮ ಮನೆಗೆ ಬೇಕಾಗದಿರಬಹುದು, ನೆರೆಮನೆಗೆ ಬೇಕಾಗಬಹುದು. ಜೇಬಿನಲ್ಲಿ ಮಾತ್ರೆ ಪಟ್ಟಿ ಸಿಕ್ಕಿದ ದಿನವೇ ಮಗನನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಪಡೆದ ಒಂದು ಚೀಟಿ, ನಾಳೆ ನ್ಯಾಯಾಲಯದಲ್ಲಿ ಅವನ ಪರವಾಗಿ ಮಾತಾಡೀತು.